ಏಳನೇ ಮಂಚದ ಮೇಷ್ಟ್ರು ಆರಾದದ್ದು

ಮೂವತ್ತನಾಲ್ಕು ವರ್ಷ ವ್ಯಾಕರಣ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ಸ್ಟೂಲಿನಿಂದ ಬಿದ್ದದ್ದು ಒಂದು ಒತ್ತಕ್ಷರಕ್ಕಾಗಿ. ಬೀದಿ ಕೊನೆಯ ಕ್ಷೌರದಂಗಡಿಯವನು ಹೊಸ ಬೋರ್ಡು ಹಾಕಿಸಿದ್ದ. ಅದರಲ್ಲಿ 'ಅತ್ಯುತ್ತಮ' ಇರಬೇಕಾದ ಕಡೆ 'ಅತ್ಯುತಮ' ಇತ್ತು. ಮೂರು ದಿನ ಮೇಷ್ಟ್ರು ಆ ಬೋರ್ಡಿನ ಕೆಳಗೆ ಹಲ್ಲುನೋವು ಬಂದವರಂತೆ ಮುಖ ಮಾಡಿಕೊಂಡು ಓಡಾಡಿದರು. ನಾಲ್ಕನೆಯ ದಿನ ಮನೆಯಿಂದ ಸ್ಟೂಲನ್ನೂ ಸೀಮೆಸುಣ್ಣವನ್ನೂ ತಂದು, ಅಂಗಡಿಯವನು ಯಾರದೋ ಗಲ್ಲಕ್ಕೆ ನೊರೆ ಹಚ್ಚುತ್ತಿರುವ ಹೊತ್ತು ನೋಡಿ ಮೇಲೆ ಹತ್ತಿದರು. ತಕಾರದ ಒತ್ತು ಅರ್ಧ ಮೂಡಿತ್ತು. ಅಷ್ಟರಲ್ಲಿ ಸ್ಟೂಲಿನ ಒಂದು ಕಾಲು ಚರಂಡಿಯ ಕಲ್ಲಿನ ಮೇಲಿಂದ ಜಾರಿತು. ಕನ್ನಡಕ ಒಡೆಯಿತು, ತಲೆಯ ಹಿಂದೆ ನಿಂಬೆಹಣ್ಣಿನಷ್ಟು ಊತ ಎದ್ದಿತು, ಭಾಷೆ ಮಾತ್ರ ಅರ್ಧ ಉಳಿಯಿತು.

"ತಲೆಗೆ ಪೆಟ್ಟು ಬಿದ್ದಿದೆ, ಎರಡು ದಿನ ಇಲ್ಲೇ ಇರಲಿ, ಸುಮ್ನೆ ನೋಡ್ತಿರೋಣ" ಅಂದರು ಆಸ್ಪತ್ರೆಯ ಚಿಕ್ಕ ಡಾಕ್ಟರು.

"ಎರಡೇ ದಿನ ಸಾಕಾ ಡಾಕ್ಟ್ರೇ? ಬೇಕಿದ್ರೆ ಒಂದು ವಾರ ಇಟ್ಕೊಳ್ಳಿ. ನಾನೇನೂ ಅಂದ್ಕೊಳ್ಳಲ್ಲ" ಅಂದರು ಮೇಷ್ಟ್ರ ಹೆಂಡತಿ.

ಆಸ್ಪತ್ರೆ ಹಳೆಯದು. ಉದ್ದನೆಯ ಕಾರಿಡಾರಿನ ಗೋಡೆಗೆ ಸೊಂಟದವರೆಗೆ ಹಸಿರು ಬಣ್ಣ, ಅಲ್ಲಿಂದ ಮೇಲೆ ಒಂದು ಕಾಲಕ್ಕೆ ಬಿಳಿಯಾಗಿದ್ದ ಬಣ್ಣ. ಅಲ್ಲಿ ನಡೆಯುವವರ ಹೆಜ್ಜೆ ಸದ್ದು ಅವರಿಗಿಂತ ಸ್ವಲ್ಪ ತಡವಾಗಿ ಹಿಂದಿನಿಂದ ಬರುತ್ತಿತ್ತು. ದೊಡ್ಡ ವಾರ್ಡಿನಲ್ಲಿ ನಾಲ್ಕು ಮಂಚ, ಅದರಾಚೆ ಬಾಗಿಲಿಲ್ಲದ ಒಳಕೋಣೆಯಲ್ಲಿ ಮೂರು. ಐದು ಒಳಗೆ ಬರುವ ದಾರಿಯ ಪಕ್ಕ, ಆರು ಕಿಟಕಿಯ ಕೆಳಗೆ, ಏಳು ಕತ್ತಲೆ ಮೂಲೆಯಲ್ಲಿ. ಮಂಚದ ತಲೆಯ ಕಡೆ ಗೋಡೆಯ ಮೇಲೆ ಕಪ್ಪು ಅಂಕಿ, ಕಾಲ ಕಡೆ ತಗಡಿನ ಹಲಗೆಗೆ ಸಿಕ್ಕಿಸಿದ ಕಾಗದ. ಬಂದವರೆಲ್ಲ ಅಂಕಿ ನೋಡುತ್ತಿದ್ದರು, ಕಾಗದ ನೋಡುತ್ತಿದ್ದರು. ಇವೆರಡರ ನಡುವೆ ಒಂದು ಮುಖ ಇರುತ್ತದೆ ಎಂಬುದು ಯಾರ ಗಮನಕ್ಕೂ ಬಂದ ಹಾಗಿರಲಿಲ್ಲ. ರೋಗಿಗಳೆಲ್ಲರಿಗೂ ಒಗೆದು ಒಗೆದು ಬಣ್ಣ ಹೋದ ಒಂದೇ ಥರದ ನೀಲಿ ಅಂಗಿ.

ಎರಡನೆಯ ದಿನ ಬೆಳಗ್ಗೆ ಸಿಸ್ಟರ್ ಒಬ್ಬರು ಬಂದು, "ಏಳು ಇನ್ನೂ ಎದ್ದಿಲ್ವಾ? ಏಳು, ಏಳಿ!" ಅಂದು ಥರ್ಮಾಮೀಟರನ್ನು ಮೇಷ್ಟ್ರ ಬಾಯಿಗಿಟ್ಟು, ತೆಗೆದು, ಹೋದರು.

ಮೇಷ್ಟ್ರಿಗೆ ಮೈಯೆಲ್ಲ ಪುಳಕ. ಎದ್ದು ಕೂತು ಕೋಣೆಯ ಉಳಿದಿಬ್ಬರತ್ತ ತಿರುಗಿದರು. ಐದರಲ್ಲಿದ್ದವನು ವೆಲ್ಡಿಂಗ್ ಮೇಸ್ತ್ರಿ. ಕಿಡಿ ಹಾರಿ ಎರಡು ಕಣ್ಣಿಗೂ ಪಟ್ಟಿ ಕಟ್ಟಿದ್ದರು, ಮೂರು ವಾರದಿಂದ ಅಲ್ಲೇ ಇದ್ದ. ಆರರಲ್ಲಿದ್ದವನು ಬೀಗ ರಿಪೇರಿ ಅಂಗಡಿಯವನು. ಭಾರಿ ಆಳು. ದಿಂಬನ್ನು ಅವುಚಿಕೊಂಡು ಹಿಂದಿನ ದಿನದಿಂದ ಒಂದು ಮಾತೂ ಆಡಿರಲಿಲ್ಲ.

"ಸಿಸ್ಟರ್ ಒಂದೇ ಉಸಿರಲ್ಲಿ ಎರಡು ವಿಷಯ ಹೇಳಿ ಹೋದ್ರು, ಗಮನಿಸಿದ್ರಾ?" ಅಂದರು ಮೇಷ್ಟ್ರು.

"ನಾನು ಟೀ ಬಂತಾ ಅಂತ ಗಮನಿಸ್ತಿದ್ದೆ" ಅಂದ ಮೇಸ್ತ್ರಿ.

"ಮೊದಲನೇ ಏಳು ಅಂಕಿ. ಎರಡನೇದು ಎದ್ದೇಳು. ಒಂದೇ ಶಬ್ದ, ಎರಡು ಅರ್ಥ, ಅದು ಶ್ಲೇಷೆ. ಅದನ್ನ ಬಿಡಿ, ಮಕ್ಕಳಾಟ. ದೊಡ್ಡದು ಯಾವುದು ಅಂದ್ರೆ, ಏಳು ಅಂದ್ರೆ ನಾನು ಅಂತಾದದ್ದು ಹೇಗೆ? ನಾನು ಏಳರ ಥರ ಕಾಣ್ತೀನಾ?"

"ನನಗೆ ಏನೂ ಕಾಣಲ್ಲ ಮೇಷ್ಟ್ರೇ."

"ಕಾಣಲ್ಲ! ಥರ ಅಂದಿದ್ರೆ ಉಪಮೆ. ದೊಡ್ಡ ಡಾಕ್ಟ್ರು ಹುಲಿ ಅಂದ್ರೆ ರೂಪಕ, ಹುಲಿಗೂ ಅವರಿಗೂ ಏನೋ ಹೋಲಿಕೆ ಇದೆ ಅಂತ. ಆದ್ರೆ ನನಗೂ ಏಳಕ್ಕೂ ಯಾವ ಹೋಲಿಕೆ? ಆ ಮಂಚದ ಮೇಲೆ ಮಲಗಿದ್ದೀನಿ, ಅದರ ಹೆಸರು ನನಗೆ ಅಂಟ್ಕೊಂಡಿದೆ, ಅಷ್ಟೇ. ಇದು ಲಕ್ಷಣೆ. ರೂಪಕ ಹೋಲಿಕೆಯಿಂದ ಹುಟ್ಟುತ್ತೆ, ಲಕ್ಷಣೆ ಸಹವಾಸದಿಂದ ಹುಟ್ಟುತ್ತೆ. ಹಳಬರು ಕೊಡೋ ಉದಾಹರಣೆನೇ ಇದೆ, ಮಂಚಗಳು ಕೂಗುತ್ತಿವೆ ಅಂತ. ಮಂಚ ಎಲ್ಲಾದ್ರೂ ಕೂಗುತ್ತಾ? ಮೇಲೆ ಇರೋರು ಕೂಗ್ತಾರೆ."

"ಇಲ್ಲಿ ಮಂಚಾನೂ ಕೂಗುತ್ತೆ" ಅಂದ ಮೇಸ್ತ್ರಿ ತಣ್ಣಗೆ. "ಆರು ಖಾಲಿ ಇದ್ದಾಗ್ಲೂ ಕೂಗಿದ್ದು ನಾನು ಕೇಳಿದ್ದೀನಿ."

ಮೇಷ್ಟ್ರು ಇದನ್ನು ಅವಿದ್ಯಾವಂತರ ಉತ್ಪ್ರೇಕ್ಷೆ ಎಂದು ಪಕ್ಕಕ್ಕಿಟ್ಟರು. ಆಗ ಮೊದಲ ಸಲ ಬೀಗದವನು ಬಾಯಿಬಿಟ್ಟ.

"ಮೇಷ್ಟ್ರೇ, 'ಕೆಲಸಕ್ಕೆ ಇನ್ನೂ ಎರಡು ಕೈ ಬೇಕು' ಅಂತೀವಲ್ಲ, ಅದೂ ಇದೇನಾ?"

"ಭೇಷ್! ಹತ್ತಿರದ್ದೇ, ಆದ್ರೆ ಇದಲ್ಲ. ಕೈ ನಿನ್ನ ಮೈಯ ಭಾಗ. ಭಾಗ ಹೇಳಿ ಪೂರ್ತಿ ಆಳನ್ನ ಕರೆದ ಹಾಗಾಯ್ತು. ಮಂಚ ನಿನ್ನ ಭಾಗ ಅಲ್ಲ. ನೀನು ಎದ್ದು ಹೋದ್ಯೋ, ನಂಟು ಮುಗೀತು."

"ಮುಗೀತು?"

"ಮುಗೀತು. ಆಮೇಲೆ ಯಾರು ಬಂದು ಮಲಗ್ತಾರೋ ಆ ಹೆಸರು ಅವರದ್ದು."

"ಅಂದ್ರೆ ಆರರ ಮೇಲೆ ಯಾರಿದ್ರೆ ಅವರೇ ಆರು?"

"ನಿಸ್ಸಂಶಯವಾಗಿ!" ಅಂದರು ಮೇಷ್ಟ್ರು. ಇಷ್ಟು ಚುರುಕಾದ ವಿದ್ಯಾರ್ಥಿ ಅವರಿಗೆ ಮೂವತ್ತನಾಲ್ಕು ವರ್ಷದಲ್ಲಿ ಸಿಕ್ಕಿರಲಿಲ್ಲ. ಬೀಗದವನು ದಿಂಬು ಬಿಟ್ಟು, ಕಿಟಕಿಯಾಚೆ ನೋಡುತ್ತ ಬಹಳ ಹೊತ್ತು ಯೋಚಿಸಿದ.

ಹತ್ತು ಗಂಟೆಗೆ ಚಿಕ್ಕ ಡಾಕ್ಟರು ಬಂದು, ಕಾಗದಗಳನ್ನು ಓದಿ, ಕಾಗದಗಳಿಗೇ ಹೇಳಿದರು: "ಏಳು ಊಟ ಮಾಡಿ ಮನೆಗೆ ಹೋಗ್ಬಹುದು. ಆರು ಮೂರೂವರೆಗೆ ಥಿಯೇಟರಿಗೆ. ಬಾಯಿಗೆ ಏನೂ ಕೊಡ್ಬೇಡಿ."

ಊಟ ಬಂತು. ಮೇಷ್ಟ್ರು ಅನ್ನ, ಬೇಯಿಸಿದ ತರಕಾರಿ, ಒಂದು ಬಾಳೆಹಣ್ಣು ಸಾವಧಾನವಾಗಿ ಮುಗಿಸಿದರು. ಮುಗಿಸಿ, ಬೆಳಕಿಲ್ಲದ ಮೂಲೆಯಲ್ಲಿ, ಕನ್ನಡಕವೂ ಇಲ್ಲದೆ, ಪತ್ರಿಕೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೂ ಓದಲಾಗದೆ ಗೊಣಗಿದರು.

"ಇಲ್ಲಿ ಬನ್ನಿ ಮೇಷ್ಟ್ರೇ, ಕಿಟಕಿ ಹತ್ರ. ವಿದ್ಯೆ ಕಲಿತವರು ಕತ್ತಲಲ್ಲಿ ಇರ್ಬಾರ್ದು" ಅಂದ ಬೀಗದವನು. ಅವನ ಧ್ವನಿಯಲ್ಲಿ ಎಷ್ಟು ವಿನಯ ಇತ್ತೆಂದರೆ ಮೇಷ್ಟ್ರು ಅದನ್ನು ಗುರುದಕ್ಷಿಣೆ ಎಂದೇ ಭಾವಿಸಿದರು. ಒಳಬರುವ ದಾರಿಯಲ್ಲಿ ಯಾರೂ ಇರಲಿಲ್ಲ, ಪಾಳಿ ಬದಲಾಗುವ ಹೊತ್ತು. ಇಬ್ಬರೂ ಜಾಗ ಬದಲಿಸಿದರು.

ಆರನೆಯ ಮಂಚದ ಹಾಸಿಗೆಯ ನಡುವೆ ಒಬ್ಬ ಮನುಷ್ಯನ ಆಕಾರದ ತಗ್ಗಿತ್ತು. ಬೀಗದವನು ಅಲ್ಲಿ ಮಲಗಿದ್ದು ಒಂದೇ ದಿನ, ಈ ತಗ್ಗು ವರ್ಷಗಳದ್ದು. ಮೇಷ್ಟ್ರು ಮಲಗಿದ ಕೂಡಲೇ ಅವರ ಭುಜ ಅಲ್ಲಿದ್ದ ಭುಜದ ಗುಳಿಗೆ, ಹಿಮ್ಮಡಿ ಹಿಮ್ಮಡಿಯ ಗುಳಿಗೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂತವು. ಕಿಟಕಿಯಿಂದ ಕಾಣುತ್ತಿದ್ದದ್ದು ಹಿತ್ತಲು. ಅಲ್ಲೊಂದು ಕಿಟಕಿಯಿಲ್ಲದ ತಗಡಿನ ಶೆಡ್ಡು, ಅದರ ಮುಂದೆ ಹಿಂಬಾಗಿಲು ತೆರೆದು ನಿಂತ ಒಂದು ವ್ಯಾನು.

"ಜಾಗ ಬದಲಾಯ್ಸಿದ್ರಾ?" ಅಂದ ಮೇಸ್ತ್ರಿ. "ಏಳರ ಧ್ವನಿ ಆರರಿಂದ ಬರ್ತಿದೆ."

"ಹೌದು. ಬೆಳಕು ಚೆನ್ನಾಗಿದೆ."

"ಈ ತಿಂಗಳು ಆರು ಎರಡು ಸಲ ಆರಿದೆ ಮೇಷ್ಟ್ರೇ."

"ಒಂದೇ ಆಳು ಎರಡು ಸಲ ಹೇಗಪ್ಪಾ..."

"ಹೋಗುತ್ತೆ, ಮಾರನೇ ದಿನ ಮತ್ತೆ ಬರುತ್ತೆ. ಬಂದಾಗ ಧ್ವನಿ ಬೇರೆ ಇರುತ್ತೆ, ಅಷ್ಟೇ."

ಮೇಷ್ಟ್ರು ಪತ್ರಿಕೆಯನ್ನು ಮುಖದ ಮೇಲೆ ಹರಡಿಕೊಂಡು, ಹೊಟ್ಟೆ ತುಂಬಿದ್ದರಿಂದ ನಿದ್ದೆಹೋದರು.

ಎಚ್ಚರವಾದದ್ದು ಹೊಟ್ಟೆಯ ಮೇಲೆ ತಣ್ಣಗೆ ಏನೋ ಹರಿದಾಗ. ಕಣ್ಣು ಬಿಟ್ಟರೆ, ಕನ್ನಡಕವಿಲ್ಲದ ಮಬ್ಬಿನಲ್ಲಿ, ಬಿಳಿ ಆಕಾರವೊಂದು ಬಾಗಿ ನಿಂತು ಅವರ ಹೊಟ್ಟೆಗೆ ಸೋಪು ಹಚ್ಚಿ ರೇಜರು ಎಳೆಯುತ್ತಿತ್ತು.

"ಯಾರಮ್ಮಾ ನೀನು?"

"ಆಯಾ. ಅಲ್ಲಾಡ್ಬೇಡಿ, ಕುಯ್ಯುತ್ತೆ."

"ಏನು ಕುಯ್ಯುತ್ತೆ? ನನಗೆ ತಲೆ ಪೆಟ್ಟು! ತಲೆಗೆ ಪೆಟ್ಟು ಬಿದ್ರೆ ಹೊಟ್ಟೆ ಬೋಳಿಸೋದಾ?"

ಆಯಾ ಮುಖ ಎತ್ತಲಿಲ್ಲ. "ಸಿಸ್ಟರ್, ಆರು ಶುರು ಮಾಡ್ತು" ಎಂದು ಕೂಗಿದಳು.

ಮಧ್ಯಾಹ್ನದ ಪಾಳಿಯ ಸಿಸ್ಟರ್ ದಪ್ಪ ರಿಜಿಸ್ಟರಿನೊಂದಿಗೆ ಬಂದರು. ಇವರನ್ನು ಮೇಷ್ಟ್ರು ನೋಡಿರಲಿಲ್ಲ, ಇವರು ಮೇಷ್ಟ್ರನ್ನೂ ನೋಡಿರಲಿಲ್ಲ. ಈಗಲೂ ನೋಡಲಿಲ್ಲ.

"ಸಿಸ್ಟರ್, ನಾನು ಆರಲ್ಲ. ನಾನು ಏಳು."

"ಏಳು ಎರಡು ಗಂಟೆಗೆ ಕಾಗದ ತಗೊಂಡು ಹೋಯ್ತು" ಎಂದು ಸಿಸ್ಟರ್ ರಿಜಿಸ್ಟರು ತೆರೆದು ಓದಿದರು. "ಆರು. ಪಿತ್ತಕೋಶದ ಕಲ್ಲು. ಎರಡು ಸಲ ಆಪರೇಷನ್ನಿನ ದಿನವೇ ಪರಾರಿ. ಮೊದಲ ಸಲ ನಾನು ರೋಗಿಯಲ್ಲ, ರೋಗಿಯ ತಮ್ಮ ಎಂದು ಹೇಳಿತು. ಎರಡನೇ ಸಲ ಊಟ ಮಾಡಿದ್ದೇನೆ ಎಂದು ಸುಳ್ಳು ಹೇಳಿತು. ಏನು ಹೇಳಿದರೂ ನಂಬಬಾರದು. ಕೆಂಪು ಇಂಕಲ್ಲಿ ಬರ್ದಿದ್ದಾರೆ ನೋಡಿ."

ಮೇಷ್ಟ್ರು ತಿರುಗಿ ನೋಡಿದರು. ಏಳನೆಯ ಮಂಚ ಖಾಲಿ. ಹೊದಿಕೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿಟ್ಟಿತ್ತು. ಮಂಚದಡಿಯಲ್ಲಿ ಅವರ ಚಪ್ಪಲಿಯೂ ಇರಲಿಲ್ಲ.

"ಸಿಸ್ಟರ್, ನಾನು ನಿಜವಾಗ್ಲೂ ಊಟ ಮಾಡಿದ್ದೀನಿ. ಬಾಳೆಹಣ್ಣು ಸಮೇತ!"

"ಈ ಸಲ ಬಾಳೆಹಣ್ಣೂ ಸೇರಿಸ್ತಿದೆ" ಅಂದರು ಸಿಸ್ಟರ್ ಆಯಾ ಕಡೆ.

"ಮೊದಲು ಕ್ರಿಯಾಪದ ಸರಿ ಮಾಡ್ಕೊಳ್ಳಿ! 'ಸೇರಿಸ್ತಿದೆ' ಅಂತೆ, 'ಹೇಳಿತು' ಅಂತೆ! ನಾನು ಮನುಷ್ಯ ಕಣಮ್ಮಾ. ಪುಲ್ಲಿಂಗ. ಅದರಲ್ಲೂ ವಯಸ್ಸಾದವನು. 'ಹೇಳಿದರು' ಅನ್ನಬೇಕು!"

"ಮಾತು ಜಾಸ್ತಿಯಾಗಿದೆ. ಹೆದರಿಕೆಗೆ ಹಾಗಾಗುತ್ತೆ" ಎಂದು ಸಿಸ್ಟರ್ ರಿಜಿಸ್ಟರಿನಲ್ಲಿ ಬರೆದುಕೊಂಡರು.

"ಸಿಸ್ಟರ್, ಅದು ಏಳರ ಧ್ವನಿನೇ" ಅಂದ ಮೇಸ್ತ್ರಿ ತನ್ನ ಮಂಚದಿಂದ.

"ಕಣ್ಣು ಕಟ್ಟಿದಾಗ ಕಿವೀನೂ ದಿಕ್ಕು ತಪ್ಪುತ್ತೆ. ಮಲಗಿ ಐದು."

ತನ್ನ ಮಾತು ಬಾಯಿಂದ ಹೊರಟು, ಎದುರಿನವರ ಕಿವಿಯವರೆಗೆ ಹೋಗಿ, ಅಲ್ಲಿ ಬೇರೆ ಯಾರದೋ ಮಾತಾಗುತ್ತಿರುವುದನ್ನು ಮೇಷ್ಟ್ರು ಮೊದಲ ಸಲ ಕಂಡರು. ಎದ್ದು ಓಡೋಣವೆಂದರೆ ಆ ತಗ್ಗು ಬಿಡದು. ಒಂದು ಭುಜ ಎತ್ತಿದರೆ ಇನ್ನೊಂದು ಜಾರಿ ಒಳಗೇ ಕೂರುತ್ತಿತ್ತು.

ಆಗ ಒಳಗೆ ಬಂದದ್ದು ಒಬ್ಬ ಮುದುಕಿ. ಸೀಸೆಯ ತಳದಂಥ ದಪ್ಪ ಕನ್ನಡಕ, ಗೋಡೆ ಸವರಿಕೊಂಡು ನಡಿಗೆ.

"ಸದ್ಯ, ಆರರ ಸೋದರತ್ತೆ ಬಂದ್ರು" ಅಂದರು ಸಿಸ್ಟರ್. "ನೀವೇ ಹೇಳಮ್ಮ. ಇದು ನಿಮ್ಮ ಹುಡುಗ ತಾನೇ? ತಾನಲ್ಲ ಅಂತಿದೆ."

ಮುದುಕಿ ಮಂಚದ ಅಂಚಿನಲ್ಲಿ ಕೂತು ಮೇಷ್ಟ್ರ ಬಲಗೈಯನ್ನು ತನ್ನೆರಡೂ ಕೈಯಲ್ಲಿ ತೆಗೆದುಕೊಂಡಳು. ಬೆರಳೊಂದೊಂದನ್ನೇ ಸವರಿದಳು. ಸೀಮೆಸುಣ್ಣ ಬಿಟ್ಟು ಬೇರೇನನ್ನೂ ಹಿಡಿಯದ ಮೆತ್ತನೆಯ ಬೆರಳುಗಳು. ಬೀಗದವನ ಬೆರಳಲ್ಲಿ ಕಬ್ಬಿಣದ ಗಂಟುಗಳಿದ್ದವು. ಆಕೆ ಹೆಬ್ಬೆರಳನ್ನು ಇನ್ನೊಮ್ಮೆ ಸವರಿದಳು.

"ಹೌದು" ಅಂದಳು. "ಇವನೇ."

ಸಿಸ್ಟರ್ ಗೆದ್ದ ಮುಖದಿಂದ ಹೊರಗೆ ಹೋದರು. ಮುದುಕಿ ಕೈ ಬಿಡದೆ, ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳತೊಡಗಿದಳು. "ಮಗಾ, ಚಿಕ್ಕವನಿದ್ದಾಗ ನೀನು ಬೀರುವಿನೊಳಗೆ ಅಡಗಿ ಕೂರ್ತಿದ್ದೆ. ನಾನು ಹೊರಗೆ ಕೂತು ಹೀಗೇ ಮಾತಾಡ್ತಿದ್ದೆ. ನೆನಪಿದೆಯಾ?"

"ಇದೆ" ಅಂದುಬಿಟ್ಟರು ಮೇಷ್ಟ್ರು.

ಅಂದ ಮೇಲೆ ಅವರಿಗೇ ದಿಗಿಲಾಯಿತು. ಯಾಕೆ ಹಾಗಂದೆ? ಅವರ ಮನೆಯ ಬೀರುವಿಗೆ ನಾಲ್ಕು ಅರೆ, ಯಾವುದರಲ್ಲೂ ಬೆಕ್ಕು ಕೂಡ ಹಿಡಿಯುವಂತಿರಲಿಲ್ಲ. ಆದರೂ ಆ ಗಳಿಗೆಯಲ್ಲಿ, ಬಾಗಿಲ ಸಂದಿನಿಂದ ಬರುವ ಬೆಳಕಿನ ಗೆರೆಯೂ ಹಳೆ ಬಟ್ಟೆಯ ವಾಸನೆಯೂ ನೆನಪಿಗೆ ಬಂದ ಹಾಗೇ ಆಗಿತ್ತು.

ಮೂರೂಕಾಲಿಗೆ ಗಾಲಿಮಂಚ ಬಂತು. ಇಬ್ಬರು ವಾರ್ಡ್‌ಬಾಯ್‌ಗಳು ಮೇಷ್ಟ್ರನ್ನು ಎತ್ತಿ ಮಲಗಿಸಿ, ಎದೆಯ ಮೇಲೆ ಪಟ್ಟಿ ಬಿಗಿದರು. ಕಾರಿಡಾರಿನ ದೀಪಗಳು ತಲೆಯ ಮೇಲಿಂದ ಒಂದಾದ ಮೇಲೊಂದು ಹಿಂದಕ್ಕೆ ಸರಿದವು. ಹಿಂದೆ ಮುದುಕಿಯ ಹೆಜ್ಜೆ, ಅದರ ಹಿಂದೆ ಆ ಹೆಜ್ಜೆಯ ಸದ್ದು. ಥಿಯೇಟರಿನ ಬಾಗಿಲು ಕಾಣುತ್ತಲೇ ಅವಳು ಮುಂದೆ ನುಗ್ಗಿ ಗಾಲಿಮಂಚದ ಕಂಬಿ ಹಿಡಿದಳು.

"ನಿಲ್ಸಿ! ಇವರು ನಮ್ಮ ಹುಡುಗನಲ್ಲ!"

"ನೋಡಿದ್ರಾ?" ಅಂದರು ಸಿಸ್ಟರ್. "ಕೊನೇ ಗಳಿಗೇಲಿ ಮನೆಯವರಿಗೂ ಹೀಗೇ ಆಗುತ್ತೆ. ಕೂತ್ಕೊಳ್ಳಿ ಅಮ್ಮಾ, ನೀರು ಕುಡೀರಿ."

ಬಾಗಿಲು ಮುಚ್ಚಿತು.

ಒಳಗೆ ವಿಪರೀತ ಚಳಿ. ಗೋಡೆಯ ಗಡಿಯಾರ ಹತ್ತು ನಿಮಿಷ ಹಿಂದಿದೆ ಎಂದು ವಾರ್ಡ್‌ಬಾಯ್ ಒಬ್ಬ ಗೊಣಗಿದ. ಯಾರೋ ಒಬ್ಬ ನರ್ಸು ಕತ್ತರಿಗಳನ್ನು ಸಾಲಾಗಿ ಜೋಡಿಸುತ್ತ ಏನೋ ಹಾಡು ಗುನುಗುತ್ತಿದ್ದಳು. ಅರಿವಳಿಕೆ ಡಾಕ್ಟರು ಮೇಷ್ಟ್ರ ಪಕ್ಕದಲ್ಲೇ ಸ್ಟೂಲಿನ ಮೇಲೆ ಕಾಲಿಟ್ಟು ಶೂ ಹಾಕಿಕೊಳ್ಳುತ್ತಿದ್ದರು. ಮೇಷ್ಟ್ರನ್ನು ಮೇಜಿನ ಮೇಲೆ ಮಲಗಿಸಿದರು. ದೊಡ್ಡ ದುಂಡು ದೀಪ ಮುಖದ ಮೇಲೆ ಬಂತು.

"ಏನು ಹೆಸರು?" ಅಂದರು ಅರಿವಳಿಕೆ ಡಾಕ್ಟರು.

ಮೇಷ್ಟ್ರು ತಮ್ಮ ಹೆಸರು ಹೇಳಿದರು. ತಂದೆಯ ಹೆಸರು, ಶಾಲೆಯ ಹೆಸರು, ನಿವೃತ್ತರಾದ ತಾರೀಖು ಎಲ್ಲ ಹೇಳಿದರು.

ಡಾಕ್ಟರು ಕಾಗದ ನೋಡಿದರು. "ಇದರಲ್ಲಿ ಬೇರೆ ಇದೆ."

"ಅದನ್ನೇ ನಾನೂ ಹೇಳ್ತಿರೋದು! ಡಾಕ್ಟ್ರೇ, ಶಾಂತವಾಗಿ ಕೇಳಿ. ನನ್ನನ್ನ ಆರು ಅಂತ ಕರೀತಿರೋದು ಲಕ್ಷಣೆಯಿಂದ. ಮಂಚಕ್ಕೂ ಮನುಷ್ಯನಿಗೂ ಇರೋ ಸಂಬಂಧ ತಾತ್ಕಾಲಿಕ. ರೂಪಕ ಆಗಿದ್ರೆ ಒಂದಿಷ್ಟು ಹೋಲಿಕೆನಾದ್ರೂ ಇರ್ತಿತ್ತು..."

ಡಾಕ್ಟರು ಕಾಗದದ ಕೆಂಪು ಸಾಲುಗಳನ್ನು ಓದಿ, ತಲೆಯಾಡಿಸಿ, ಅನುಕಂಪದಿಂದ ಮೇಷ್ಟ್ರ ಹೆಗಲು ತಟ್ಟಿದರು. "ಸರಿ ಸರಿ. ಈಗ ಹತ್ತರಿಂದ ಕೆಳಕ್ಕೆ ಎಣಿಸಿ."

ರಬ್ಬರಿನ ವಾಸನೆಯ ಮುಖವಾಡ ಮೂಗಿನ ಹತ್ತಿರ ಬಂತು. ಮೂವತ್ತನಾಲ್ಕು ವರ್ಷ ಮಾತಿನಿಂದ ಬದುಕಿದವರಿಗೆ ಮಾತೇ ಕೈಕೊಟ್ಟಿತ್ತು. ಎಣಿಸಿದರೆ ಆರು ಬರುತ್ತದೆ, ಆರು ಬಂದ ಮೇಲೆ ಏನಾಗುತ್ತದೋ! ಮೇಷ್ಟ್ರು ಹಲ್ಲು ಕಚ್ಚಿ ಸುಮ್ಮನಿದ್ದರು. ಆಗ ದೊಡ್ಡ ಡಾಕ್ಟರು ಕೈಗವಸು ಎಳೆದುಕೊಳ್ಳುತ್ತ ಬಂದು ನೀಲಿ ಅಂಗಿ ಸರಿಸಿ ಹೊಟ್ಟೆ ನೋಡಿದರು. ಬಗ್ಗಿ ನೋಡಿದರು. ದೀಪ ಎಳೆದು ನೋಡಿದರು.

"ಇಲ್ಲಿ ಸುಟ್ಟ ಕಲೆ ಇತ್ತಲ್ಲ? ಕೈಯಗಲ. ಎಲ್ಲಿ ಹೋಯ್ತು?"

"ಶೇವ್ ಮಾಡಿದ್ವಿ ಸಾರ್" ಅಂದರು ಸಿಸ್ಟರ್.

ಇದಾದ ಮೇಲೆ ಒಳಗೆ ಒಂದು ಕ್ಷಣ ಗುನುಗು ಕೂಡ ನಿಂತಿತು. ಅದೇ ಹೊತ್ತಿಗೆ ಹೊರಗೆ ಬಾಗಿಲನ್ನು ಯಾರೋ ದಬದಬ ಬಡಿದರು. ಮೇಷ್ಟ್ರಿಗೆ ನಲವತ್ತು ವರ್ಷದಿಂದ ಪರಿಚಯವಿದ್ದ ಬಡಿತ ಅದು.

"ನಮ್ಮ ಯಜಮಾನರನ್ನ ಏನ್ರೀ ಮಾಡ್ತಿದ್ದೀರಾ?"

"ಅಮ್ಮಾ, ನೀವು ಏಳರವರು, ಏಳು ಮನೆಗೆ ಹೋಯ್ತು. ಒಳಗಿರೋದು ಆರು" ಎಂದು ಯಾರೋ ಹೇಳುವುದು ಕೇಳಿಸಿತು.

"ನಾನು ಯಾವ ನಂಬರಿನವಳೂ ಅಲ್ಲ! ಕುಯ್ಯೋಕೆ ಮುಂಚೆ ಒಂದ್ಸಲ ಮುಖ ನೋಡಿ ಅಂತ ಹೇಳಿ ನಿಮ್ಮ ಡಾಕ್ಟ್ರಿಗೆ!"

ದೊಡ್ಡ ಡಾಕ್ಟರು ತಲೆಯೆತ್ತಿ, ಆ ದಿನ ಆ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ, ಮೇಷ್ಟ್ರ ಮುಖ ನೋಡಿದರು.

ಹೊರಗೆ ಬೆಂಚಿನ ಮೇಲೆ ಹೊದಿಕೆ ಹೊದ್ದು ಕೂತ ಮೇಷ್ಟ್ರ ಹಲ್ಲು ಕಟಕಟ ಎನ್ನುತ್ತಿತ್ತು. "ನಿಮ್ಮನ್ನ ಕರ್ಕೊಂಡು ಹೋಗೋಣ ಅಂತ ಬಂದ್ರೆ, 'ಏಳು ಹೋಯ್ತು' ಅಂದ್ರು ಕಣ್ರೀ" ಅಂದರು ಹೆಂಡತಿ. "ನಾನು ಗೋಡೆ ಹಿಡ್ಕೊಂಡೆ. 'ಎಲ್ಲಿಗೆ?' ಅಂದೆ. 'ಮನೆಗೆ' ಅಂದ್ರು. ಜೀವ ಬಂತು, ಹಿಂದೇನೇ ಸಿಟ್ಟೂ ಬಂತು. ಮನೆಯಿಂದ ಬರ್ತಿರೋಳು ನಾನೇ ಅಲ್ವಾ? ಕಣ್ಣಿಗೆ ಪಟ್ಟಿ ಕಟ್ಕೊಂಡಿರೋ ಆ ಪುಣ್ಯಾತ್ಮ ಹೇಳಿದ, ನಿಮ್ಮ ಧ್ವನಿ ಗಾಲಿ ಮೇಲೆ ಹೋಯ್ತು ಅಂತ."

ಬೆಂಚಿನ ಇನ್ನೊಂದು ತುದಿಯಲ್ಲಿ ಮುದುಕಿ ಅಳುತ್ತಿದ್ದಳು.

"ಗೊತ್ತಿತ್ತಾ ನಿಮಗೆ?" ಅಂದರು ಮೇಷ್ಟ್ರು.

"ಕೈ ಮುಟ್ಟಿದ ಕೂಡ್ಲೇ ಗೊತ್ತಾಯ್ತು. ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ಅವನು ಓಡಿಹೋಗಿದ್ದಾನೆ ಅಂತಂದ್ರೆ ಹೆಸರು ಹೊಡೆದು ಹಾಕ್ತಿದ್ರು. ಮೂರು ತಿಂಗಳು ಕಾದು ಸಿಕ್ಕಿದ ಸರದಿ. ಹುಡುಕ್ಕೊಂಡು ಬರೋಕೆ, ನನ್ನ ಜೊತೆ ಬಂದಿದ್ದ ಪಕ್ಕದ ಮನೆಯವನನ್ನ ಆಗ್ಲೇ ಕಳ್ಸಿದ್ದೆ. ಅವನು ಬರೋವರೆಗೆ ನೀವು... ಬಸ್ಸಲ್ಲಿ ಸೀಟಿಗೆ ಕರ್ಚೀಫು ಹಾಕ್ತೀವಲ್ಲ, ಹಾಗೆ ಅಂದ್ಕೊಂಡೆ."

"ಕರ್ಚೀಫಾ?" ಅಂದರು ಹೆಂಡತಿ. "ಇವರನ್ನ ನಾನು ಇಷ್ಟು ವರ್ಷ ಇಟ್ಕೊಂಡು ಒಂದಿನಾನೂ ಈ ಥರ ಉಪಯೋಗಿಸ್ಲಿಲ್ವಲ್ಲ!"

ದೊಡ್ಡ ಡಾಕ್ಟರು ಹೊರಗೆ ಬಂದರು. ಮೇಷ್ಟ್ರ ಮುಂದೆ ಕೈ ಮುಗಿದರು. ಆಮೇಲೆ ಮುದುಕಿಗೆ, "ನಾಡಿದ್ದು ಬೆಳಗ್ಗೆ ನಾನೇ ಜಾಗ ಇಟ್ಟಿರ್ತೀನಿ. ಅದರಾಚೆ ಅವನ ಪಿತ್ತಕೋಶ ಕಾಯಲ್ಲ, ಒಳಗೇ ಒಡೆಯುತ್ತೆ. ಹಿಡಿದು ತನ್ನಿ" ಎಂದು ಹೇಳಿ ಹೋದರು.

ಮರುದಿನ ಬೆಳಗ್ಗೆ ಹೆಂಡತಿ ಬೇಡವೆಂದರೂ ಕೇಳದೆ ಮೇಷ್ಟ್ರು ಮುದುಕಿಯ ಜೊತೆ ಬೀಗದಂಗಡಿಗೆ ಹೋದರು. ದಾರಿಯುದ್ದಕ್ಕೂ ಒಂದು ಭಾಷಣ ತಯಾರು ಮಾಡಿದರು, ಅದರಲ್ಲಿ 'ವಿಶ್ವಾಸಘಾತ' ಎಂಬ ಪದ ಮೂರು ಸಲ ಬರುತ್ತಿತ್ತು. ಅಂಗಡಿ ಒಂದು ಮಂಚದಷ್ಟೇ ಅಗಲ. ಗೋಡೆಯ ತುಂಬ ನೂರಾರು ಬೀಗದಕೈಗಳು ಗಾಳಿಯಿಲ್ಲದೆಯೂ ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಕೆಳಗೆ, ಹೊಟ್ಟೆ ಒತ್ತಿ ಹಿಡಿದು, ಬೆವರಿನಲ್ಲಿ ತೊಯ್ದು ಬೀಗದವನು ಕೂತಿದ್ದ. ಕಾಲಲ್ಲಿ ಮೇಷ್ಟ್ರ ಚಪ್ಪಲಿ. ಇವರನ್ನು ಕಂಡದ್ದೇ, "ಅಂಗಡಿಯವನು ಇಲ್ಲ. ನಾನು ಅವನ ತಮ್ಮ" ಅಂದ.

"ನಿನಗೆ ಮುಂಚೆ ಹುಟ್ಟಿದೋರೂ ಇಲ್ಲ, ಆಮೇಲೆ ಹುಟ್ಟಿದೋರೂ ಇಲ್ಲ" ಅಂದಳು ಅತ್ತೆ.

ಅವನು ತಲೆ ತಗ್ಗಿಸಿದ. ಕೇಳಿದ್ದು ಒಂದೇ ಮಾತು. "ಮೇಷ್ಟ್ರೇ, ಒಳಗೆ ಹೋಗಿದ್ರಾ?"

"ಹೋಗಿದ್ದೆ."

"ಎಲ್ಲೀವರೆಗೆ?"

"ಮೇಜಿನವರೆಗೆ."

"ನಮ್ಮಪ್ಪ ಆ ಬಾಗ್ಲಲ್ಲೇ ಹೋದದ್ದು. ನನಗೆ ಎಂಟು ವರ್ಷ. ನಾನು ಹೊರಗೆ ಇದೇ ಅತ್ತೆ ಕೈ ಹಿಡ್ಕೊಂಡು ನಿಂತಿದ್ದೆ. ಅವನು ಮತ್ತೆ ಬರ್ಲಿಲ್ಲ. ನಾನು ಎಂಥ ಬಾಗ್ಲಾದ್ರೂ ತೆಗೀತೀನಿ ಮೇಷ್ಟ್ರೇ, ಅದೊಂದರ ಆಚೆ ಏನಿದೆ ಅಂತ ಇವತ್ತಿಗೂ ಗೊತ್ತಿಲ್ಲ. ನಿಮ್ಮನ್ನ ಕುಯ್ಯಲ್ಲ, ಮುಖ ನೋಡಿ ವಾಪಸ್ ಕಳಿಸ್ತಾರೆ ಅಂದ್ಕೊಂಡಿದ್ದೆ. ದೇವರಾಣೆ."

ಮೇಷ್ಟ್ರ ಭಾಷಣ ಎಲ್ಲಿ ಹೋಯಿತೋ. ಅವರು ಚಿಕ್ಕ ಸ್ಟೂಲು ಎಳೆದು ಕೂತರು.

"ಒಳಗೆ ಚಳಿ ಇದೆ" ಅಂದರು. "ಎಡಗಡೆ ಗೋಡೇಲಿ ಗಡಿಯಾರ, ಹತ್ತು ನಿಮಿಷ ಹಿಂದೆ ಓಡುತ್ತೆ. ಕತ್ತರಿ ಜೋಡ್ಸೋ ಹುಡುಗಿ ಹಾಡು ಗುನುಗ್ತಾಳೆ, ಅಪಸ್ವರ. ಅರಿವಳಿಕೆ ಡಾಕ್ಟ್ರು ಶೂ ಹಾಕ್ಕೋತಿದ್ರು, ಒಂದು ಕಾಲುಚೀಲ ತೂತಾಗಿತ್ತು. ಮೇಜು ಗಟ್ಟಿ. ದೀಪ ದೊಡ್ಡದು, ಕಣ್ಣು ಕುಕ್ಕುತ್ತೆ. ಅಷ್ಟೇ. ಬೇರೆ ಏನೂ ಇಲ್ಲ."

ತಮ್ಮ ಜೀವಮಾನದಲ್ಲಿ ಮೇಷ್ಟ್ರು ಇಷ್ಟು ಹೊತ್ತು ಒಂದು ಅಲಂಕಾರವೂ ಇಲ್ಲದೆ ಮಾತಾಡಿದ್ದು ಅದೇ ಮೊದಲು. ಬೀಗದವನು ಒಂದೊಂದು ಮಾತನ್ನೂ ಬೀಗದೊಳಗೆ ತಂತಿ ಬಿಟ್ಟು ಆಲಿಸುವವನಂತೆ ಆಲಿಸಿದ.

"ಕಾಲುಚೀಲ ತೂತಾಗಿತ್ತಾ?" ಅಂದ.

"ಹೆಬ್ಬೆರಳು ಕಾಣ್ತಿತ್ತು."

ಅವನು ಎದ್ದು ನಿಂತ.

ಅದರ ಮರುದಿನ ಬೆಳಗ್ಗೆ ಒಂಬತ್ತೂವರೆಗೆ ಅವನನ್ನು ಒಳಗೆ ಒಯ್ದರು. ಅವನು ತನ್ನ ಹೆಸರನ್ನು ಕೇಳುವ ಮೊದಲೇ, ಕೇಳದವರಿಗೂ, ಗಟ್ಟಿಯಾಗಿ ಹೇಳಿದ. ಬಾಗಿಲು ಮುಚ್ಚಿತು, ಮೇಲೆ ಕೆಂಪು ದೀಪ ಹತ್ತಿತು. ಮೇಷ್ಟ್ರೂ ಮುದುಕಿಯೂ ಬೆಂಚಿನ ಮೇಲೆ ಕೂತರು. ಒಂದು ಗಂಟೆ ಕಳೆಯಿತು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ, ಆದರೂ ಆಗಾಗ ಹೆಜ್ಜೆ ಸದ್ದು ಬಂದು ಅವರ ಮುಂದೆ ಹಾದುಹೋಗುತ್ತಿತ್ತು. ಎರಡನೆಯ ಗಂಟೆಯೂ ಅರ್ಧ ಕಳೆಯಿತು.

"ಮೇಷ್ಟ್ರೇ" ಅಂದಳು ಮುದುಕಿ. "ಒಳಗಿರೋದು ಅವನೇ ತಾನೇ?"

"ಅವನಲ್ಲದೆ ಇನ್ಯಾರಮ್ಮಾ?"

"ಒಂದ್ಸಲ ನೋಡಿ. ನನಗೆ ಕಾಣಲ್ಲ."

ಮೇಷ್ಟ್ರು ಎದ್ದು ಹೋಗಿ, ಬಾಗಿಲ ದುಂಡನೆಯ ಗಾಜಿಗೆ ಹಣೆ ಆನಿಸಿದರು. ದೀಪದ ಕೆಳಗೆ ಬಾಗಿದ ಹಸಿರು ಬೆನ್ನುಗಳು. ಅವುಗಳ ನಡುವೆ ಒಂದು ಬಿಳಿ ಬಟ್ಟೆ, ಬಟ್ಟೆಯ ತುದಿಯಲ್ಲಿ ಎರಡು ಅಂಗಾಲು. ಬರೀ ಅಂಗಾಲು. ಯಾರದ್ದಾದರೂ ಆಗಿರಬಹುದಾದ, ಅಲ್ಲಾಡದ ಅಂಗಾಲು. ಮೇಷ್ಟ್ರು ನೋಡಿದರು, ಹೊಸ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

ಹಿಂತಿರುಗಿ ಬಂದು ಕೂತರು.

"ಅವನೇ" ಅಂದರು.

ಹನ್ನೆರಡಕ್ಕೆ ಬಾಗಿಲು ತೆರೆದು ಗಾಲಿಮಂಚ ಹೊರಗೆ ಬಂತು. ಗಂಟಲವರೆಗೆ ಹೊದಿಕೆ, ಬಣ್ಣವೇ ಇಲ್ಲದ ಮುಖ, ಮುಚ್ಚಿದ ಕಣ್ಣು. ಮುದುಕಿ ಗಾಳಿಯಲ್ಲಿ ಕೈಚಾಚಿ ಆ ಹಣೆಯನ್ನು ಹುಡುಕಿ ಮುಟ್ಟಿದಳು. ಮೇಷ್ಟ್ರು ಗಾಲಿಮಂಚದ ಕಂಬಿ ಹಿಡಿದು ಬಾಗಿದರು. ಮಲಗಿದ್ದವನ ತುಟಿ ಒಂದೆರಡು ಸಲ ಸುಮ್ಮನೆ ಅಲ್ಲಾಡಿ, ಆಮೇಲೆ ಬಾವಿಯ ತಳದಿಂದ ಬಂದಂತೆ ದನಿ ಬಂತು.

"ಅತ್ತೆ... ಅಂಗಡಿಗೆ ಬೀಗ ಹಾಕಿದ್ನಾ ನಾನು?"